ಏಪ್ರಿಲ್ 15ರ ನಿರೀಕ್ಷೆ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಡಾಕ್ಟರೇಟ್ ವ್ಯಾಸಂಗವನ್ನು ಬಯಸುವ ತರುಣ ತರುಣಿಯರಲ್ಲಿ ಬಹುಮಂದಿ ಡಿಸೆಂಬರ್ ತಿಂಗಳ ಸುಮಾರಿಗೆ ಅರ್ಜಿಗಳನ್ನು ಕಳುಹಿಸಿ, ವಸಂತಕಾಲದವರೆಗೂ ಫಲಿತಾಂಶಕ್ಕಾಗಿ ಕಾದಿರುವರು. ಅರ್ಜಿಯ ಸಿದ್ಧತೆಯಿಂದ ಫಲಿತಾಂಶದವರೆಗಿನ ಈ ದೀರ್ಘ ಅವಧಿಯಲ್ಲಿ, ಪರಸ್ಪರ ಮುಖಪರಿಚಯವಿಲ್ಲದವರ ನಡುವೆಯೂ ಅಪೂರ್ವವಾದ ಸಖ್ಯವೊಂದು ಅಂಕುರಿಸುತ್ತದೆ. ಒಬ್ಬನು ತನ್ನ ಉದ್ದೇಶಪತ್ರದ ಕರಡನ್ನು ಸಂಕೋಚದಿಂದ ಮುಂದಿಟ್ಟರೆ, ಅದೇ ವಿಭಾಗದಲ್ಲಿ ಸ್ಥಾನವನ್ನು ಬಯಸುವ ಮತ್ತೊಬ್ಬಳು ನಿದ್ದೆಗೆಟ್ಟು ಅದರ ಒಂದೊಂದು ವಾಕ್ಯವನ್ನೂ ತಿದ್ದಿಕೊಡುವಳು.

ಆದರೆ ಸ್ಥಾನಗಳು ಪರಿಮಿತ. ಒಬ್ಬರಿಗೆ ಆಹ್ವಾನಪತ್ರ ಬಂದೊಡನೆ, ಅಭಿನಂದನೆಯ ನುಡಿಯ ಹಿಂದೆಯೇ ಮತ್ಸರದ ಕಿಡಿಯೂ ಹೊತ್ತುವುದುಂಟು. ಅಂಕಗಳ ಹೋಲಿಕೆ ವಾಗ್ವಾದವಾಗಿ, ವಾಗ್ವಾದವು ಮನಸ್ತಾಪವಾಗಿ ಪರಿಣಮಿಸುವುದುಂಟು. ನಾಲ್ಕು ಆಹ್ವಾನಗಳನ್ನು ಕೈಯಲ್ಲಿ ಹಿಡಿದು ತಡಮಾಡುವವನ ಮೇಲೆ, ಕಾಯುವ ಪಟ್ಟಿಯಲ್ಲಿ ನಿಂತವರು ಮುನಿಯುವುದೂ ಸಹಜವೇ.

ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಸಂಸ್ಥೆಯ ನಿರ್ಣಯದ ಪ್ರಕಾರ, ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡುವ ಬಾಧ್ಯತೆ ವಿದ್ಯಾರ್ಥಿಗಿಲ್ಲ. ಆತುರದ ನಿರ್ಧಾರದಿಂದ ಒಬ್ಬನನ್ನು ರಕ್ಷಿಸುವ ಈ ಅವಧಿಯೇ ಇನ್ನೊಬ್ಬನಿಗೆ ಯಾತನೆಯ ಅವಧಿಯೂ ಆಗಬಲ್ಲುದು. ಆದುದರಿಂದ, ತನಗೆ ಬೇಡವೆಂದು ಖಚಿತವಾದ ಸ್ಥಾನವನ್ನು ಅಂದೇ ಬಿಟ್ಟುಕೊಡುವುದು ಕೇವಲ ಸೌಜನ್ಯವಲ್ಲ. ಅದು, ಮುಂದೆ ಜೀವಮಾನವಿಡೀ ಸಹೋದ್ಯೋಗಿಗಳಾಗಲಿರುವ ವಿದ್ವಾಂಸರು ಪರಸ್ಪರ ಸಲ್ಲಿಸಬೇಕಾದ ಮೊದಲ ಋಣ.