ನೀರು ಕುದಿಯಿತೇ?

ಕುಡಿಯುವ ನೀರನ್ನು ಒಲೆಯ ಮೇಲೆ ಇಡುತ್ತೇವೆ. ಸ್ವಲ್ಪ ಹೊತ್ತಿಗೆ ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ. "ನೀರು ಕುದೀತು, ಇಳಿಸಿ" ಅಂತಾರೆ ಕೆಲವರು. ಸೌದೆ ಉಳಿಯಲಿ ಅನ್ನೋ ಆಸೆ ಬೇರೆ. ಆದರೆ ನೀರು ಇನ್ನೂ ಕುದ್ದಿಲ್ಲ.

ಹಾಗಾದರೆ ಆ ಗುಳ್ಳೆ ಏನು? ಅದು ಗಾಳಿ. ನೀರಿನಲ್ಲಿ ಗಾಳಿ ಕರಗಿರುತ್ತದೆ. ಕಣ್ಣಿಗೆ ಕಾಣದು. ಕೆರೆಯ ಮೀನು ಉಸಿರಾಡುವುದು ಈ ಗಾಳಿಯಿಂದಲೇ. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಗಾಳಿ ಹಾಗಲ್ಲ. ಅದಕ್ಕೆ ತಣ್ಣೀರೇ ಬೇಕು. ನೀರು ಬಿಸಿಯಾದಂತೆಲ್ಲ ಗಾಳಿ ಹೊರಗೆ ಬರುತ್ತದೆ.

ಜಾತ್ರೆಯಲ್ಲಿ ಗೋಲಿ ಸೋಡಾ ನೋಡಿದ್ದೇವಲ್ಲ? ಅದರ ನೀರಿಗೆ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಒತ್ತಡ ಇರುವ ತನಕ ಅನಿಲ ನೀರಿನಲ್ಲೇ ಕರಗಿ ಕೂತಿರುತ್ತದೆ. ಗೋಲಿ ಒತ್ತಿದರೆ ಒತ್ತಡ ಇಳಿಯಿತು. ಬುಸ್ಸೆಂದು ಗುಳ್ಳೆ ಏಳುತ್ತದೆ. ಬಿಸಿಲಲ್ಲಿಟ್ಟ ಸೋಡಾ ಆದರೆ ಇನ್ನೂ ಜೋರು. ಅಲ್ಲಿ ಒಲೆಯೂ ಇಲ್ಲ, ಬೆಂಕಿಯೂ ಇಲ್ಲ! ಗುಳ್ಳೆ ಬಂದ ಮಾತ್ರಕ್ಕೆ ಕುದಿಯಿತು ಅಂತಲ್ಲ.

ನೀರು ಕುದಿಯುವುದು ಸುಮಾರು 100 ಡಿಗ್ರಿ ಶಾಖದಲ್ಲಿ. ಆಗ ತಳದಿಂದ ದೊಡ್ಡ ಗುಳ್ಳೆಗಳು ಎದ್ದು ಮೇಲೆ ಬಂದು ಒಡೆಯುತ್ತವೆ. ಅವು ಗಾಳಿಯಲ್ಲ, ನೀರಿನ ಆವಿ. ಹೀಗೆ ಕೊತಕೊತ ಅಂತ 1 ನಿಮಿಷವಾದರೂ ಕುದಿಯಬೇಕು. ಆಗ ವಾಂತಿಭೇದಿ, ಕಾಮಾಲೆ ತರುವ ರೋಗಾಣುಗಳು ಸಾಯುತ್ತವೆ. ಆಮೇಲೆ ಇಳಿಸಿ, ಮುಚ್ಚಿ ಆರಿಸೋಣ.

ಕುದಿಸಿದ ನೀರು ಸಪ್ಪೆ ಅಂತ ಮನೆಯವರು ಗೊಣಗಬಹುದು. ಅದರ ಗಾಳಿ ಹೋಗಿದೆ, ಅಷ್ಟೆ. ಆರಿದ ನೀರನ್ನು ಚೆನ್ನಾಗಿ ತೊಳೆದ ಇನ್ನೊಂದು ಪಾತ್ರೆಗೆ ಮೇಲಿನಿಂದ ಎರಡು ಸಲ ಸುರಿದರೆ ಗಾಳಿ ಮತ್ತೆ ಸೇರುತ್ತದೆ.