ಕಜ್ಜಾಯದ ಪಾಕದಲ್ಲಿ ಭೌತವಿಜ್ಞಾನ

ದೀಪಾವಳಿ ಬಂತೆಂದರೆ ಹಾಸನ ಸೀಮೆಯ ಮನೆಗಳಲ್ಲಿ ಕಜ್ಜಾಯದ ಸಿದ್ಧತೆ ನಡೆಯುತ್ತದೆ. ನೆನೆಸಿ ಬಸಿದ ಅಕ್ಕಿಯನ್ನು ನೆರಳಲ್ಲಿ ಆರಿಸಿ, ಪಸೆ ಇರುವಾಗಲೇ ಹಿಟ್ಟು ಮಾಡಿ, ಬೆಲ್ಲದ ಪಾಕಕ್ಕೆ ಬೆರೆಸಿ, ಮರುದಿನ ತಟ್ಟಿ ಎಣ್ಣೆಯಲ್ಲಿ ಕರಿಯುತ್ತಾರೆ. ಆಂಧ್ರದ ಅರಿಸೆಲು, ತಮಿಳುನಾಡಿನ ಅದಿರಸಂ, ಒಡಿಶಾದ ಅರಿಸಾ ಪಿಠಾ ಇದೇ ಬಳಗದವು. ಎಲ್ಲೆಡೆಯೂ ಆತಂಕ ಒಂದೇ: ಬಾಣಲೆಯಲ್ಲಿ ಒಡೆಯಬಾರದು, ಆರಿದ ಮೇಲೆ ಕಲ್ಲಾಗಬಾರದು.

ಗೋಧಿ ಹಿಟ್ಟನ್ನು ನಾದಿದಾಗ ಜಾಲದಂತೆ ಹೆಣೆದುಕೊಳ್ಳುವ ಗ್ಲುಟೆನ್ ಅಕ್ಕಿಯಲ್ಲಿಲ್ಲ. ಆದ್ದರಿಂದ ಹಿಟ್ಟಿನ ಕಣಗಳನ್ನು ಹಿಡಿದಿಡುವ ಹೊಣೆ ಬಹುಮಟ್ಟಿಗೆ ಪಾಕದ್ದು. ಪಾಕ ತೆಳುವಾದರೆ ಹಿಟ್ಟಿನಲ್ಲಿ ನೀರು ಹೆಚ್ಚಾಗಿ, ಕರಿಯುವಾಗ ರಭಸದಿಂದ ಹೊರಡುವ ಹಬೆ ಕಜ್ಜಾಯವನ್ನು ಒಡೆಯುತ್ತದೆ. ಪಾಕ ಗಟ್ಟಿಯಾದರೆ ಕಜ್ಜಾಯವೂ ಗಟ್ಟಿ.

ಹದವನ್ನು ಅಳೆಯುವುದು ಹೇಗೆ? ಶುದ್ಧ ನೀರು ಒಂದೇ ತಾಪದಲ್ಲಿ ಕುದಿಯುತ್ತದೆ, ಪಾಕ ಹಾಗಲ್ಲ. ನೀರು ಆವಿಯಾದಂತೆ ಬೆಲ್ಲದ ಸಾಂದ್ರತೆ ಹೆಚ್ಚುತ್ತದೆ, ಅದರೊಡನೆ ಕುದಿಬಿಂದುವೂ ಏರುತ್ತದೆ. ಹೀಗಾಗಿ ತಾಪಮಾಪಕದಿಂದಲೇ ಸಾಂದ್ರತೆಯನ್ನು ತಿಳಿಯಬಹುದು. ಸಮುದ್ರ ಮಟ್ಟದಲ್ಲಿ ಸಕ್ಕರೆಯ ಪಾಕ ಮೃದುವಾದ ಉಂಡೆಯ ಹದಕ್ಕೆ ಬರುವುದು ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಲ್ಲದ ಪಾಕವೂ ಅದಕ್ಕೆ ಹತ್ತಿರ.

ಈ ಅಂಕಿಯನ್ನು ಕೊರವಂಗಲದಲ್ಲಿ ಹಾಗೆಯೇ ಬಳಸಿದರೆ ಏನಾದೀತು? ಹಾಸನದ ಸುತ್ತಲಿನ ನೆಲ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಒತ್ತಡ ಕಡಿಮೆ; ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಪಾಕದ ಹದವೂ ಸುಮಾರು 3 ಡಿಗ್ರಿ ಮೊದಲೇ ಬರುತ್ತದೆ. ಪುಸ್ತಕದ ಅಂಕಿ ಮುಟ್ಟುವವರೆಗೆ ಕಾಯಿಸಿದರೆ ಹದ ಮೀರುತ್ತದೆ.

ನಮ್ಮ ಅಜ್ಜಿಯರ ಪರೀಕ್ಷೆಗೆ ಈ ತೊಡಕಿಲ್ಲ. ತಣ್ಣೀರಿಗೆ ಬಿಟ್ಟ ಪಾಕದ ಹನಿ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿದರೆ ಹದ ಸರಿ. ಅದು ತಾಪವನ್ನಲ್ಲ, ತಣಿದ ಪಾಕದ ಗಡಸುತನವನ್ನು, ಅಂದರೆ ಸಾಂದ್ರತೆಯನ್ನೇ ನೇರವಾಗಿ ತೋರಿಸುತ್ತದೆ. ಕಡಲತೀರದ ಮಂಗಳೂರಿನಲ್ಲೂ ಬೆಟ್ಟದ ಮೇಲಿನ ಮಡಿಕೇರಿಯಲ್ಲೂ ಅದಕ್ಕೆ ತಿದ್ದುಪಡಿ ಬೇಡ.

ಕರಿದ ಕಜ್ಜಾಯವನ್ನು ಬಿಸಿಯಲ್ಲೇ ಒತ್ತಿ ಎಣ್ಣೆ ತೆಗೆಯುವುದಕ್ಕೂ ಕಾರಣವಿದೆ. ಬಾಣಲೆಯಲ್ಲಿರುವಾಗ ಹೊರನುಗ್ಗುವ ಹಬೆ ಎಣ್ಣೆಯನ್ನು ತಡೆಯುತ್ತದೆ. ಹೊರತೆಗೆದೊಡನೆ ರಂಧ್ರಗಳಲ್ಲಿನ ಹಬೆ ತಣಿದು ನೀರಾಗಿ, ಒಳಗಿನ ಒತ್ತಡ ಇಳಿಯುತ್ತದೆ. ಆಗ ಮೇಲ್ಮೈಯ ಎಣ್ಣೆ ಒಳಕ್ಕೆ ಹೀರಲ್ಪಡುತ್ತದೆ. ತಡಮಾಡಿದಷ್ಟೂ ಕಜ್ಜಾಯ ಜಿಡ್ಡಾಗುತ್ತದೆ.

ಶಿಕ್ಷಕರು ಇದನ್ನು ತರಗತಿಗೆ ತರಬಹುದು. ಮೊದಲು ನಿಮ್ಮೂರಿನಲ್ಲಿ ನೀರಿನ ಕುದಿಬಿಂದುವನ್ನು ಅಳೆಯಿರಿ. ಅದು 100ಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಪಾಕದ ಅಂಕಿಯಿಂದ ಕಳೆಯಿರಿ. ಆ ತಾಪದಲ್ಲಿ ನೀವೇ ಎಚ್ಚರಿಕೆಯಿಂದ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಉಂಡೆಯಾಯಿತೇ? ಮಕ್ಕಳೇ ನೋಡಿ ಹೇಳಲಿ.