ಹೊಸ ಸಂಪಿಗೆ ಇಳಿಯುವ ಮುನ್ನ

ಮನೆ ಕಟ್ಟುವಾಗ ನೆಲದಡಿಯ ನೀರಿನ ಸಂಪಿಗೆ ಮೋಲ್ಡ್ ಹಾಕಿ ಎರಡು ಮೂರು ವಾರ ಬಿಡುತ್ತಾರೆ. ಆಮೇಲೆ ಒಳಗಿನ ಸೆಂಟ್ರಿಂಗ್ ಬಿಚ್ಚಲು ಒಬ್ಬ ಆಳು ಎರಡಡಿ ಚೌಕದ ಬಾಯಿಯಿಂದ ಇಳಿಯುತ್ತಾನೆ. ಕೂಗಿದರೆ ಓಗೊಡುವುದಿಲ್ಲ. ಏನಾಯಿತೆಂದು ನೋಡಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮೇಸ್ತ್ರಿಯೋ, ತಮ್ಮನೋ. ಹೀಗೆ ಇಬ್ಬರು ಮೂವರು ಒಟ್ಟಿಗೆ ಸತ್ತ ಸುದ್ದಿ ಕರ್ನಾಟಕದಲ್ಲೂ ನೆರೆಯ ರಾಜ್ಯಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಮಲಗುಂಡಿಯಲ್ಲಿ, ಮ್ಯಾನ್‌ಹೋಲ್‌ನಲ್ಲಿ ವಿಷಗಾಳಿ ಇರುತ್ತದೆಂಬುದು ಈಗ ಬಹಳ ಜನಕ್ಕೆ ಗೊತ್ತು. ಇದಾದರೋ ನಾಳೆ ಕುಡಿಯುವ ನೀರು ತುಂಬಬೇಕಾದ ಹೊಚ್ಚಹೊಸ ತೊಟ್ಟಿ. ಇಂಥ ಸಾವಿಗೆ ಕೆಲಸಗಾರನ ಅಜಾಗ್ರತೆಯನ್ನು ಹೊಣೆ ಮಾಡುವುದು ಸುಲಭ. ಆದರೆ ಗುಂಡಿಯ ಬಾಯಲ್ಲಿ ನಿಂತವನಿಗೆ ಒಳಗಿನ ಅಪಾಯ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಇಳಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವನ ತಲೆಗೆ ಕಟ್ಟಲೇಬಾರದು ಎಂಬುದು ನನ್ನ ವಾದ.

ಒಳಗಿನ ಗಾಳಿ ಕೆಡುವ ಬಗೆಯನ್ನೇ ನೋಡಿ. ಮೋಲ್ಡನ್ನು ಹೊತ್ತ ಹಲಗೆ, ಪ್ಲೈವುಡ್, ಮರದ ಕಂಬಗಳು ಒಳಗೇ ಇರುತ್ತವೆ. ಕ್ಯೂರಿಂಗ್ ನೀರು, ಮಳೆ ನೀರು ತಳದಲ್ಲಿ ನಿಂತು ಮರದ ಹೊಟ್ಟು, ಗೋಣಿಚೀಲದ ಚೂರು ಅದರಲ್ಲಿ ಕೊಳೆಯುತ್ತವೆ. ನೆನೆದ ಮರಕ್ಕೆ ಬೂಷ್ಟು ಹಿಡಿಯುತ್ತದೆ. ಈ ಬೂಷ್ಟು, ಬ್ಯಾಕ್ಟೀರಿಯಾಗಳೂ ನಮ್ಮಂತೆಯೇ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಬ್ಬಿಣ ತುಕ್ಕು ಹಿಡಿಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಬಾಯಿಗೆ ಹಲಗೆ ಮುಚ್ಚಿದ್ದರಂತೂ ಖರ್ಚಾದದ್ದನ್ನು ತುಂಬಲು ಹೊರಗಿನ ಗಾಳಿ ಬರುವುದಿಲ್ಲ. ಹೊರಗೆ ಆಮ್ಲಜನಕ ಶೇ 20.9 ಇರುತ್ತದೆ; ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳ ಪ್ರಕಾರ ಶೇ 19.5ಕ್ಕಿಂತ ಕೆಳಗೆ ಹೋದರೆ ಅದು ಅಪಾಯದ ಜಾಗ. ಶೇ 16ರ ಆಸುಪಾಸಿನಲ್ಲಿ ಬುದ್ಧಿ ಮಂಕಾಗಿ ಕೈಕಾಲು ಹಿಡಿತ ತಪ್ಪತೊಡಗುತ್ತವೆ, ಶೇ 10ಕ್ಕೆ ಇಳಿದರೆ ಪ್ರಜ್ಞೆ ಹೋಗುತ್ತದೆ, ಶೇ 6ರಲ್ಲಿ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಇದರ ಮೇಲೆ, ನೀರೆತ್ತಲೆಂದು ಪೆಟ್ರೋಲ್ ಪಂಪನ್ನು ಒಳಗೇ ಇಳಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಟರ್‌ಪ್ರೂಫಿಂಗ್ ಬಳಿದರೆ ದ್ರಾವಕದ ಆವಿ ತುಂಬುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಗಾಳಿ ಮಧ್ಯಾಹ್ನಕ್ಕೆ ಕೆಟ್ಟಿರಬಹುದು.

ಇದ್ಯಾವುದೂ ಇಳಿಯುವವನ ಅರಿವಿಗೆ ಬರುವಂಥದ್ದಲ್ಲ. ಆಮ್ಲಜನಕದ ಕೊರತೆಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಮಗೆ ಉಸಿರುಕಟ್ಟಿದಂತಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಬರೀ ಆಮ್ಲಜನಕ ಕಡಿಮೆಯಾದರೆ ದೇಹ ಬೇಗ ಎಚ್ಚರಿಸುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 100 ಭಾಗದಷ್ಟಾದರೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದು ಮನುಷ್ಯ ನಂಬುತ್ತಾನೆ.

ದೀಪ ಇಳಿಸಿ ನೋಡುವ ಪದ್ಧತಿ ಇದೆಯಲ್ಲ, ನಮ್ಮ ಹಿರಿಯರು ಬಾವಿಗೆ ಇಳಿಯುವಾಗ ಅದನ್ನೇ ಮಾಡುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಏನೂ ನೋಡದೆ ಇಳಿಯುವುದಕ್ಕಿಂತ ಅದು ಮೇಲಾಗಿತ್ತು, ನಿಜ. ಆದರೆ ಮೇಣದಬತ್ತಿ ಆರುವುದು ಆಮ್ಲಜನಕ ಶೇ 16–17ಕ್ಕೆ ಇಳಿದಾಗ. ಅಪಾಯದ ಗೆರೆ ದಾಟಿದ ಮೇಲೂ ದೀಪ ಉರಿಯುತ್ತಲೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ ಇದೆಯೆಂದು ಅದು ಹೇಳದು. ಮೀಥೇನ್ ಅಥವಾ ದ್ರಾವಕದ ಆವಿ ಇದ್ದರೆ ದೀಪವೇ ಬೆಂಕಿ ಹಚ್ಚುತ್ತದೆ. ಮೂಗಿಗೆ ಕಟ್ಟುವ ಒದ್ದೆ ಬಟ್ಟೆಯಾಗಲಿ, ಅಂಗಡಿಯಲ್ಲಿ ಸಿಗುವ ಮಾಸ್ಕಾಗಲಿ ಇಲ್ಲದ ಆಮ್ಲಜನಕವನ್ನು ಎಲ್ಲಿಂದಲೂ ತರಲಾರವು.

ಎಲ್ಲಕ್ಕಿಂತ ಸಂಕಟದ್ದು ಎರಡನೆಯ ಸಾವು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆ ಪತ್ರದ ಪ್ರಕಾರ, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ನಂತರದ ಲೆಕ್ಕಗಳಲ್ಲಿ ಪ್ರಮಾಣ ಇಷ್ಟಿಲ್ಲದಿದ್ದರೂ ಕಥೆ ಬದಲಾಗಿಲ್ಲ. ಜೊತೆಗಾರ ಬಿದ್ದಿರುವುದನ್ನು ಕಂಡು ಸುಮ್ಮನೆ ನಿಲ್ಲು ಎಂದು ಯಾರಿಗೆ ಹೇಳುವುದು? ಆ ಗಳಿಗೆಯಲ್ಲಿ ಯಾವ ಬುದ್ಧಿಮಾತೂ ಕೆಲಸ ಮಾಡದು. ಅದಕ್ಕೇ ಎತ್ತುವ ಏರ್ಪಾಡು ಇಳಿಯುವ ಮೊದಲೇ ಆಗಿರಬೇಕು: ಇಳಿಯುವವನ ಮೈಗೆ ಹಾರ್ನೆಸ್, ಅದಕ್ಕೆ ಹಗ್ಗ, ಬಾಯಿಯ ಮೇಲೆ ಮುಕ್ಕಾಲಿ ಮತ್ತು ರಾಟೆ, ಪಕ್ಕದಲ್ಲಿ ಏನೇ ಆದರೂ ಒಳಗೆ ಕಾಲಿಡದ ಒಬ್ಬ ಕಾವಲಿನವನು. ಪ್ರಜ್ಞೆ ತಪ್ಪಿ ಜೋತುಬಿದ್ದ ಮನುಷ್ಯನನ್ನು ಎರಡಡಿ ಬಾಯಿಯಿಂದ ಬರಿಗೈಯಲ್ಲಿ ಮೇಲೆತ್ತುವುದು ಎಷ್ಟು ಕಷ್ಟ ಎಂಬುದನ್ನು ಕಟ್ಟಡದ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ.

ಗಾಳಿ ಅಳೆಯಲು ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ತೋರಿಸುವ ಅಂಗೈಯಗಲದ ಮೀಟರುಗಳಿವೆ. ಕೆಲವು ಅನಿಲ ತಳದಲ್ಲಿ, ಕೆಲವು ಮೇಲೆ ಸೇರುವುದರಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಒಳಗೆ ಹೊರಗಿನ ಗಾಳಿ ಊದುವ ಬ್ಲೋವರ್‌ನ ಕೊಳವೆ ತಳ ಮುಟ್ಟಬೇಕು, ಅದು ಗಾಳಿ ಎಳೆದುಕೊಳ್ಳುವ ಬಾಯಿ ಜನರೇಟರಿನ ಹೊಗೆಯಿಂದ ದೂರ ಇರಬೇಕು, ಕೆಲಸ ಮುಗಿಯುವ ತನಕ ಓಡುತ್ತಲೇ ಇರಬೇಕು. ಸಿಲಿಂಡರಿನಿಂದ ಆಮ್ಲಜನಕ ಬಿಡುವುದು ಮಾತ್ರ ಕೂಡದು. ಕಿಡಿ ತಾಗಿದರೆ ಎಲ್ಲವೂ ಭಗ್ಗೆಂದು ಹೊತ್ತಿಕೊಳ್ಳುತ್ತದೆ.

ಸಣ್ಣ ಕಂಟ್ರಾಕ್ಟರಿಗೆ ಇದೆಲ್ಲ ದುಬಾರಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹತ್ತಾರು ಸಾವಿರದ ಮೀಟರನ್ನು ಅವನು ವರ್ಷಕ್ಕೆ ನಾಲ್ಕೈದು ಸಲ ಬಳಸುತ್ತಾನೆ. ಆದರೆ ಕಾಂಕ್ರೀಟ್ ಮಿಕ್ಸರು, ಸೆಂಟ್ರಿಂಗ್ ಶೀಟುಗಳನ್ನು ಬಾಡಿಗೆಗೆ ತರುವುದು ಈ ಕಸುಬಿನಲ್ಲಿ ರೂಢಿಯೇ. ಮೀಟರು, ಬ್ಲೋವರು, ಮುಕ್ಕಾಲಿಗಳೂ ಅದೇ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಸಿಗುವಂತಾಗಬಾರದೇಕೆ? ಕಾನೂನೇ ಇರಲಿಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳೇ ಕೆಟ್ಟ ಗಾಳಿಯ ತೊಟ್ಟಿ, ಗುಂಡಿಗಳಿಗೆ ಹಾಗೇ ಇಳಿಸಬಾರದು ಎಂದಿದ್ದವು. ಆದರೆ ಆ ಕಾಯ್ದೆ ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯವಾಗುವಂಥದ್ದಾಗಿತ್ತು. ನಾಲ್ಕೈದು ಜನ ಸೇರಿ ಕಟ್ಟುವ ಮನೆಯ ಸಂಪು ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಇಷ್ಟು ವರ್ಷ ಇಳಿದಿದ್ದೇವೆ, ಏನೂ ಆಗಿಲ್ಲ ಎನ್ನುವವರಿಗೆ ಹೇಳಬೇಕಾದದ್ದೂ ಇಷ್ಟೇ: ಆ ದಿನಗಳಲ್ಲಿ ಗಾಳಿ ಚೆನ್ನಾಗಿತ್ತು. ಇಂದಿನ ಗಾಳಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇದಕ್ಕೂ ಮುಂಚಿನ ಪ್ರಶ್ನೆಯೊಂದಿದೆ. ಅಲ್ಲಿ ಮನುಷ್ಯ ಇಳಿಯಲೇಬೇಕೆ? ಸಂಪಿನ ಮುಚ್ಚಳವನ್ನು ಹೊರಗೇ ಎರಕ ಹೊಯ್ದ ಕಾಂಕ್ರೀಟ್ ಚಪ್ಪಡಿಗಳಿಂದ ಮಾಡಿದರೆ ಒಳಗೆ ಸೆಂಟ್ರಿಂಗೇ ಬೇಡ. ಮೋಲ್ಡೇ ಬೇಕೆಂದರೂ ಎದುರುಬದುರು ಮೂಲೆಗಳಲ್ಲಿ ಎರಡು ಬಾಯಿ ಬಿಟ್ಟರೆ ಒಂದರಿಂದ ಗಾಳಿ ಊದಿ ಇನ್ನೊಂದರಿಂದ ಹೊರಗೆ ಕಳಿಸಬಹುದು. ಇದು ನಿರ್ಧಾರವಾಗುವುದು ಎಂಜಿನಿಯರ್ ನಕ್ಷೆ ಬರೆಯುವಾಗ, ಮನೆಯ ಯಜಮಾನ ಅದಕ್ಕೆ ಒಪ್ಪುವಾಗ. ನಗರಸಭೆಯೋ ಪಂಚಾಯಿತಿಯೋ ನಕ್ಷೆ ಮಂಜೂರು ಮಾಡುವಾಗ ಸಂಪಿನ ಬಾಯಿಗಳೆಷ್ಟು, ಮುಚ್ಚಳ ಯಾವ ಬಗೆಯದು ಎಂದು ಕೇಳಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ, ಅರ್ಜಿಯಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.